ಹದಿನೈದು ನಿಮಿಷ ಕೂತಿರಬೇಕು

...ಏಳಬೇಡ, ಏಳಬೇಡ. ಕೂತ್ಕೋ ಅಂದ್ನಲ್ಲ ಎಡಿನಾ. ಸೂಜಿ ಹಾಕಿದ ಮೇಲೆ ಹದಿನೈದು ನಿಮಿಷ ಈ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ, ಯಾರೇ ಆಗ್ಲಿ. ಹೋದ ತಿಂಗಳು ಶಾಲೆ ಹೆಡ್‌ಮಾಸ್ಟರು ಅರ್ಜೆಂಟು ಅರ್ಜೆಂಟು ಅಂತ ಒಂದೇ ಸಮ ಕುಣಿದ್ರು, ಅವರನ್ನೇ ಕೂರಿಸಿದ್ದೀನಿ. ತಮ್ಮನ ಹೆಂಡತಿ ಅಂತ ನಿನ್ನ ಬಿಟ್ಬಿಡ್ತೀನಾ? ಇಗೋ, ಗಡಿಯಾರ ತಿರುಗಿಸಿ ಇಟ್ಟೆ. ಮನೇಲಿ ಮೊಟ್ಟೆ ಬೇಯಿಸೋಕೆ ಅಂತ ತಂದಿದ್ದು ಇದು, ಈಗ ಔಷಧಿ ಅಂಗಡಿಲಿ ದುಡೀತಿದೆ. ಇದು ಕಿರ್ರ್ ಅನ್ನಲಿ, ಆಮೇಲೆ ನಿನ್ನ ದಾರಿ ನಿಂದು. ಅಲ್ಲೀವರೆಗೆ ನೀನು ನನ್ನ ಕೈದಿ.

ನಗೋದೇ ಇಲ್ವಾ? ಆಯ್ತು ಬಿಡು.

ನೀರು ಕುಡಿ. ತೋಳು ನಾಳೆ ಸ್ವಲ್ಪ ಭಾರ ಅನ್ಸುತ್ತೆ, ಬಟ್ಟೆ ಒಣಹಾಕೋಕೆ ಕೈ ಎತ್ತಿದ್ರೆ ನೋಯುತ್ತೆ, ಅಷ್ಟೇ. ಎಡಗೈಗೆ ಟೈಫಾಯ್ಡ್‌ದು, ಬಲಗೈಗೆ ಕಾಮಾಲೆದು. ಮೈಯೆಲ್ಲ ತುರಿಕೆ ಬಂದ್ರೆ, ಗಂಟಲು ಕಟ್ಟಿದ ಹಾಗಾದ್ರೆ ತಕ್ಷಣ ಹೇಳ್ಬೇಕು. ಬಾಯಿ ಬಿಟ್ಟು ಹೇಳ್ಬೇಕು ಮತ್ತೆ, ಹೀಗೆ ಕೂತಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು? ಗುರುವಾರ ನಿನ್ನ ಮಗಳು ಕೆಜಿಯಾ ಬಂದಾಗ ನೋಡಬೇಕಿತ್ತು ನೀನು. ಆರು ವರ್ಷದ ಕೂಸು, ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಈ ಕುರ್ಚಿ ಮೇಲೆ ಕಾಲಾಡಿಸ್ಕೊಂಡು ಕೂತು ನನ್ನೇ ಕೇಳ್ತಾಳೆ, "ಅತ್ತೆ, ನಮ್ಮಪ್ಪಂಗೂ ಹೀಗೇ ಹಾಕಿದ್ರಾ?" ಅಂತ. ಹೂಂ ಅಂದೆ. ಇನ್ನೇನನ್ನಲಿ.

ಬಿಡು ಅದನ್ನ. ಈ ಡಬ್ಬಿಗಳ ಕಡೆ ನೋಡು ಈಗ. ಇದು ನಿನ್ನ ಮಲೇರಿಯಾ ಮಾತ್ರೆ, ಇದು ಕೆಜಿಯಾದು, ಅವಳದ್ದು ಸಣ್ಣ ಮಾತ್ರೆ, ಅದಲು ಬದಲು ಮಾಡ್ಬೇಡ. ನೀವು ಊರಿಗೆ ಹೊರಡೋಕೆ ಎರಡು ದಿನ ಮುಂಚೆ ಶುರು. ದಿನಾ ಒಂದು, ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು. ಅಲ್ಲಿದ್ದಷ್ಟು ದಿನ. ವಾಪಸ್ ಬಂದ ಮೇಲೂ ಏಳು ದಿನ. ಬಂದ್ವಲ್ಲ, ಇನ್ನೇನು ಅಂತ ಮೂರು ದಿನಕ್ಕೆ ಬಿಟ್ಬಿಡ್ತಾರೆ ಎಲ್ರೂ. ಏಳು ಅಂದ್ರೆ ಏಳು.

ಯಾಕೆ ಹಾಗೆ ನೋಡ್ತಿದ್ದೀಯ ಡಬ್ಬಿನ? ಕಚ್ಚಲ್ಲ ಅದು. ತಗೋ, ಚೀಲಕ್ಕೆ ಹಾಕ್ಕೋ... ಬೇಡ್ವಾ? ಸರಿ, ಮೇಜಿನ ಮೇಲೇ ಇರಲಿ. ಹೋಗೋವಾಗ ತಗೊಂಡ್ರಾಯ್ತು.

ಒಂದು ಮಾತು ಮಾತ್ರ, ಎಡಿನಾ. ಇದನ್ನ ಅಲ್ಲಿ ಯಾರಿಗೂ ಕೊಡಬಾರದು. ನನಗೆ ಗೊತ್ತು, ನಾನು ಹೇಳ್ತಿರೋದು ಎಷ್ಟು ಕಷ್ಟ ಅಂತ. ನಮ್ಮ ಮಲೈತಾ ದ್ವೀಪದವರ ಕೈಯಲ್ಲಿ ಯಾವ ವಸ್ತುನೂ ಒಬ್ಬರದ್ದಾಗಿ ಉಳಿಯಲ್ಲ. ಒಂದು ಡಬ್ಬಿ ಮೀನು ಬಿಚ್ಚಿದ್ರೆ ಹನ್ನೊಂದು ಜನ ಅನ್ನದ ತಟ್ಟೆ ಹಿಡ್ಕೊಂಡು ಕೂತಿರ್ತಾರೆ, ಹನ್ನೊಂದು ಜನಕ್ಕೂ ಸಿಗುತ್ತೆ ಬೇರೆ. ಪಕ್ಕದ ಮನೆ ಕೂಸು ಜ್ವರದಲ್ಲಿ ನಡುಗ್ತಿರೋವಾಗ ನೀನು ನಿನ್ನ ಮಾತ್ರೆ ಎತ್ತಿ ಒಬ್ಬಳೇ ನುಂಗೋಕಾಗುತ್ತಾ? ಆಗಲ್ಲ. ನನ್ನ ಕೈಲೂ ಆಗಲ್ಲ. ಆದ್ರೂ ನುಂಗಬೇಕು. ಕತ್ತಲೆ ಕೋಣೆಗೆ ಹೋಗಿ ನುಂಗು, ಗೋಡೆ ಕಡೆ ತಿರುಗಿ ನುಂಗು. ಯಾರು ಏನು ಬೇಕಾದ್ರೂ ಅನ್ಕೊಳ್ಳಲಿ.

ಹೋದ ವರ್ಷ ಊರಿಗೆ ಹೋದಾಗ ನನ್ನ ತಮ್ಮ ಫಿಲೇಮೋನ್ ಕೈಲಿ ಆಗ್ಲಿಲ್ಲ, ನೋಡು. ಅವನ ಸ್ವಭಾವಾನೇ ಹಾಗಿತ್ತಲ್ಲ. ಹುಡುಗನಾಗಿದ್ದಾಗ್ಲೇ ಹಾಗೆ. ಅವ್ವ ಕೈಗೆ ಒಂದು ಗೆಣಸು ಕೊಟ್ಟು ಕಳಿಸಿದ್ರೆ, ಸಮುದ್ರದ ದಂಡೆ ಮುಟ್ಟೋ ಹೊತ್ತಿಗೆ ಕೈ ಖಾಲಿ. ಹಂಚಿಬಿಡ್ತಿದ್ದ. ಸಮುದ್ರ ದಾಟಿಸಿ ಈ ಬಿಳಿಯರ ದೇಶಕ್ಕೆ ನಾನು ಕರ್ಕೊಂಡು ಬಂದ ಮೇಲೂ ಬದಲಾಗ್ಲಿಲ್ಲ. ಕಬ್ಬಿನ ಮಿಲ್ಲಲ್ಲಿ ಅವನ ಬೂಟು ಹಾಕ್ಕೊಂಡು ಇನ್ನೊಬ್ಬ ಕೆಲಸ ಮಾಡ್ತಿದ್ದ, ಇವನು ಹರಕಲು ಹಾಕ್ಕೊಂಡು ಬರ್ತಿದ್ದ. ನೀನೇ ಬೈತಿದ್ದೆ. ಹಾಗಾಗಿ ಆ ಮಾತ್ರೆನೂ... ನಾನು ಅವನಿಗೆ ಎಲ್ಲ ಹೇಳಿದ್ದೆ. ಇದೇ ಕುರ್ಚಿಲಿ ಕೂರಿಸಿ, ನಿನಗೆ ಈಗ ಹೇಳಿದೆನಲ್ಲ, ಹಾಗೇ ಒಂದೊಂದೇ ಬಿಡಿಸಿ ಹೇಳಿದ್ದೆ.

ಏನು?

ಹೌದು, ಇದೇ ಕುರ್ಚಿ. ಯಾಕೆ?

...ಬಾಗಿಲು ಸ್ವಲ್ಪ ಹಾಕ್ತೀನಿ ಇರು, ಅಂಗಡಿಗೆ ಬಂದೋರೆಲ್ಲ ಇಣುಕ್ತಾರೆ. ನೋಡು, ಕೂತ್ಕೊಳ್ಳೋದು ಎಲ್ರಿಗೂ ಕಷ್ಟಾನೇ. ಹೋದ ವಾರ ಒಂದು ಬಿಳೀ ಮುದುಕ ಮುದುಕಿ ಬಂದಿದ್ರು. ಹಡಗಲ್ಲಿ ನಮ್ಮ ಸೊಲೊಮನ್ ದ್ವೀಪಗಳನ್ನ ಸುತ್ತಿ ಬರ್ತಾರಂತೆ, ಹೊನಿಯಾರಾ ಬಂದರಲ್ಲಿ ಅರ್ಧ ದಿನ ಇಳೀತಾರಂತೆ. ಅರ್ಧ ದಿನಕ್ಕೆ ನಾನು ನಲವತ್ತು ನಿಮಿಷ ಪಾಠ ಮಾಡಿದೆ. ಸಂಜೆ ತುಂಬು ತೋಳಿನ ಅಂಗಿ ಹಾಕ್ಕೊಳ್ಳಿ, ಬಾಟಲಿ ನೀರೇ ಕುಡೀರಿ, ಹೆಚ್ಚಿಟ್ಟ ಹಣ್ಣು ತಿನ್ಬೇಡಿ, ಬಂದ ಮೇಲೆ ಎರಡು ತಿಂಗಳಲ್ಲಿ ಯಾವಾಗ ಜ್ವರ ಬಂದ್ರೂ ಮೊದಲು ಡಾಕ್ಟರಿಗೆ ಹೇಳಬೇಕಾದ ಮಾತು ಎಲ್ಲಿಗೆ ಹೋಗಿದ್ವಿ ಅನ್ನೋದು. ಮುದುಕಿ ಎಲ್ಲಾನೂ ಪುಟ್ಟ ಪುಸ್ತಕದಲ್ಲಿ ಬರ್ಕೊಂಡ್ಳು. ಹೋಗೋವಾಗ ನನ್ನ ಕೈ ಹಿಡ್ಕೊಂಡು, ನಮ್ಮ ಮಗಳ ಹಾಗೆ ಹೇಳಿದೆ ಅಂದ್ಳು. ಅವರು ಹೋದ ಮೇಲೆ ಹಿಂದಿನ ಕೋಣೆಗೆ ಹೋಗಿ ಅತ್ತುಬಿಟ್ಟೆ ಕಣೇ ನಾನು. ಯಾಕೆ ಅಂತ ಕೇಳ್ಬೇಡ.

ನೀನು ಕೇಳೋದೂ ಇಲ್ಲ ಬಿಡು.

ನೀನು ಮಾತು ಬಿಟ್ಟಿದ್ದು ಯಾವತ್ತು ಅಂತ ನನಗೆ ನೆನಪಿದೆ. ಅವನನ್ನ ಮಣ್ಣಿಗೆ ಇಟ್ಟ ದಿನ. ನಮ್ಮೋರು ಹೆಂಗಸರೆಲ್ಲ ಹೆಣದ ಪೆಟ್ಟಿಗೆ ತಬ್ಬಿಕೊಂಡು ಅಳ್ತಿದ್ರು, ನೀನು ಮಾತ್ರ ನಿಂತೇ ಇದ್ದೆ. ಆಮೇಲೆ ಬಗ್ಗಿ ಅವನಿಗೆ ಹೇಳಿದೆ, "ಎಲ್ಲರ ಮಕ್ಕಳೂ ನೆನಪಾದ್ರು ನಿನಗೆ. ನಿನ್ನ ಮಗಳೊಬ್ಬಳೇ ನೆನಪಾಗ್ಲಿಲ್ಲ." ಅಷ್ಟೇ. ಒಂದು ಹನಿ ಕಣ್ಣೀರು ಬರ್ಲಿಲ್ಲ. ವರ್ಷ ಆಗ್ತಾ ಬಂತು, ಇವತ್ತಿನವರೆಗೂ ನೀನು ಅವನಿಗೋಸ್ಕರ ಅತ್ತಿದ್ದನ್ನ ಯಾರೂ ನೋಡಿಲ್ಲ. ಚರ್ಚಲ್ಲಿ ಮಾತಾಡ್ಕೊಳ್ತಾರೆ. ಬೇಜವಾಬ್ದಾರಿ ಗಂಡ, ಕಲ್ಲು ಹೆಂಡತಿ ಅಂತ. ನನ್ನ ಕಿವಿಗೂ ಬೀಳುತ್ತೆ.

ಈಗ ಅವ್ವ ಅಲ್ಲಿ ವರ್ಷದ ಊಟಕ್ಕೆ ಹಂದಿ ಕಟ್ಟಿ ಮೇಯಿಸ್ತಿದ್ದಾಳೆ. ಆ ಊಟ ಆದ್ರೆ ದುಃಖ ಮುಗೀತು ಅಂತ. ನೀನು ಅಂಗಳಕ್ಕೆ ಕಾಲಿಟ್ಟ ತಕ್ಷಣ ಕೇರಿ ಹೆಂಗಸರೆಲ್ಲ ನಿನ್ನ ಹಿಡ್ಕೊಂಡು ಅಳ್ತಾರೆ, ನೀನೂ ಅವನ ಹೆಸರು ಹಿಡಿದು ಅಳಬೇಕು. ಅಳದೇ ನಿಂತ್ರೆ ಮುದುಕಿ ಎದೆ ಒಡೆದು ಹೋಗುತ್ತೆ. ಅಳು ಬರದೇ ಹೋದ್ರೆ ಏನು ಮಾಡ್ತೀಯ? ಮೂರು ರಾತ್ರಿಯಿಂದ ನನಗೆ ಅದೇ ಯೋಚನೆ. ಸತ್ತವನ ಮೇಲೆ ಇಷ್ಟು ಸಿಟ್ಟು ಇಟ್ಕೊಂಡು ಹೇಗೆ ಹೋಗ್ತೀಯ ನೀನು?

ಅವನ ಮೇಲೆ ಸಿಟ್ಟು ಬೇಡ ಕಣೇ. ಅವನು ಪಾಪದವನು.

...ಎಷ್ಟಾಯ್ತು? ಇನ್ನೂ ಏಳು ನಿಮಿಷ. ಆ ಪಟ್ಟಿ ಕೊಡು ಇಲ್ಲಿ. ತಾಬಿತಾ ಬರೆದು ಕಳಿಸಿದ್ದಾ? ಅವಳ ಅಕ್ಷರಾನೇ, ಏಡಿ ನಡೆದ ಹಾಗೆ. ನನ್ನ ತಂಗಿ ಶಾಲೆಗೆ ಹೋಗಿದ್ದಕ್ಕಿಂತ ಹೆಚ್ಚು ಸಮುದ್ರಕ್ಕೆ ಹೋದವಳು. ಓದ್ತೀನಿ ಇರು, ಇಲ್ಲೇ ಸಿಗೋದನ್ನೆಲ್ಲ ಈಗಲೇ ಚೀಲಕ್ಕೆ ಹಾಕಿ ಕೊಡ್ತೀನಿ. ಸೊಳ್ಳೆಪರದೆ ಎರಡು. ಇದೆ. ಅವ್ವನಿಗೆ ಓದೋ ಕನ್ನಡಕ. ಇದೆ, ಕೆಂಪು ಚೌಕಟ್ಟಿಂದು ಕೊಡ್ತೀನಿ, ಖುಷಿಪಡ್ತಾಳೆ. ಮೊಣಕಾಲಿಗೆ ಹಚ್ಚೋ ಮುಲಾಮು. ಮಕ್ಕಳಿಗೆ ಹೇನಿನ ಔಷಧಿ. ಗಾಯಕ್ಕೆ ಕಟ್ಟೋ ಬಟ್ಟೆ. ಫಿಲೇಮೋನನ ಕೆಲಸದ ಅಂಗಿ ಒಂದು, ಒಗೀದೇ ಇರೋದು ಇದ್ರೆ... ಅಯ್ಯೋ ಅವ್ವಾ. ಇದೆಯೇನೇ, ಒಗೀದೇ ಇರೋದು?

ಇದೆ. ಇಟ್ಕೊಂಡಿದ್ದೀಯ. ನನಗೆ ಗೊತ್ತಿರ್ಲಿಲ್ಲ.

ಆಯ್ತು. ಇಷ್ಟೇ ಪಟ್ಟಿ. ಮಡಚಿ ಇಟ್ಕೋ.

ಕೊನೇ ಸಾಲಾ? ಕೊನೇ ಸಾಲಲ್ಲಿ ಏನಿಲ್ಲ, ಮಡಿಕೆ ಬಿದ್ದು ಅಳಿಸಿ ಹೋಗಿದೆ. ತಾಬಿತಾಗೆ ಏನು, ಇಡೀ ಅಂಗಡಿ ಬೇಕು ಅಂತಾಳೆ. ನಾನೇ ಫೋನ್ ಮಾಡಿ ಕೇಳ್ತೀನಿ ಬಿಡು.

ಆ ಗೋಡೆ ಮೇಲಿನ ಕಾಗದ ಯಾಕೆ ನೋಡ್ತಿದ್ದೀಯ? ಹಳೇದು ಅದು, ಅಂಚೆಲ್ಲ ಹಳದಿ ಆಗಿದೆ. ನಾಲ್ಕು ವರ್ಷ ಆಯ್ತೇನೋ ಅಂಟಿಸಿ. ನಮ್ಮೋರು ಬಂದ್ರೆ ಓದ್ಲಿ ಅಂತ ನಮ್ಮ ಭಾಷೇಲೇ ಬರೆದಿದ್ದೆ, ನನ್ನ ಕೈಯಾರೆ. "ಅಲ್ಲೇ ಹುಟ್ಟಿದವರಿಗೂ ಮಲೇರಿಯಾ ಬರುತ್ತದೆ. ಊರು ಬಿಟ್ಟು ವರ್ಷಗಳಾದರೆ ಮೈಯ ಹಳೇ ಶಕ್ತಿ ಹೋಗಿರುತ್ತದೆ." ನಿಜ ಅದು. ಎಲ್ರೂ ಇದೇ ತಪ್ಪು ಮಾಡೋದು. ಬಿಳಿಯರು ಹೆದರಿ ಮಾತ್ರೆ ತಿಂತಾರೆ. ನಮ್ಮೋರು, ನಾವು ಅಲ್ಲಿ ಚಡ್ಡಿ ಹಾಕ್ಕೊಂಡು ಬೆಳೆದವರು, ಸೊಳ್ಳೆ ನಮಗೇನು ಮಾಡುತ್ತೆ ಅಂತ ಎದೆ ಉಬ್ಬಿಸ್ಕೊಂಡು ಹೋಗ್ತಾರೆ. ಹದಿನಾಲ್ಕು ವರ್ಷ ಆಗಿತ್ತು ಫಿಲೇಮೋನ್ ಊರು ಬಿಟ್ಟು. ಹದಿನಾಲ್ಕು ವರ್ಷದಲ್ಲಿ ಮೈ ಎಲ್ಲಾನೂ ಮರೆತಿರುತ್ತೆ.

ಹೌದು, ನನಗೆ ಗೊತ್ತಿತ್ತು ಇದೆಲ್ಲ. ಗೊತ್ತಿರದೇ ಬರೀತೀನಾ?

...ಸೆಕೆ ಅಲ್ವಾ ಇವತ್ತು? ಫ್ಯಾನು ಹಾಕ್ಲಾ? ಬೇಡ್ವಾ.

ನೋಡು ಎಡಿನಾ, ನೀನು ಒಂದು ಮಾತು ಬೈದಿದ್ರೆ ನನಗೆ ಎಷ್ಟೋ ಹಗುರ ಆಗ್ತಿತ್ತು. ಬೈಯಲ್ಲ ನೀನು. ಆಸ್ಪತ್ರೇಲಿ ಆ ಶುಕ್ರವಾರ ಕೂಡ ಎಷ್ಟು ಸಮಾಧಾನವಾಗಿ ಮಾತಾಡಿದೆ ಡಾಕ್ಟರ ಹತ್ರ. ಚಿಕ್ಕ ವಯಸ್ಸಿನ ಡಾಕ್ಟರು, ಆ ವಾರ ಊರಲ್ಲಿ ಅರ್ಧ ಜನಕ್ಕೆ ಜ್ವರ, ಕಾರಿಡಾರಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಸೊಲೊಮನ್ ದ್ವೀಪಕ್ಕೆ ಹೋಗಿ ಬಂದ್ರು, ಎರಡು ವಾರ ಆಯ್ತು ಅಂತ ನೀನೇ ಹೇಳಿದೆ. ಆಗ ಅವರು ಕೇಳಿದ್ರು, ಮಲೇರಿಯಾ ಮಾತ್ರೆ ತಗೊಂಡಿದ್ರಾ ಅಂತ. ತಗೊಂಡಿದ್ದಾರೆ, ಇವರ ಅಕ್ಕಾನೇ ಔಷಧಿ ಅಂಗಡಿಯವರು, ಅವರೇ ಕೊಟ್ಟಿದ್ದು ಅಂದೆ. ಎಷ್ಟು ಹೆಮ್ಮೆಯಿಂದ ಅಂದೆ. ಡಾಕ್ಟರು ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದ್ರು. ಫಿಲೇಮೋನ್‌ಗೆ ಮಾತಾಡೋ ತ್ರಾಣ ಎಲ್ಲಿತ್ತು? ಕಣ್ಣು ಮುಚ್ಕೊಂಡಿದ್ದ. ಹಾಗಾದ್ರೆ ಇದು ಊರಲ್ಲಿರೋ ಜ್ವರಾನೇ ಅಂತ ಮನೆಗೆ ಕಳಿಸಿದ್ರು, ನೀರು ಚೆನ್ನಾಗಿ ಕುಡಿಸಿ, ಸೋಮವಾರ ಬನ್ನಿ ಅಂತ. ಸೋಮವಾರ ಎಲ್ಲಿ ಬಂತು? ಭಾನುವಾರ ಬೆಳಗ್ಗೆ ಮೈ ಸೆಳೆತ ಶುರುವಾಯ್ತು. ಬ್ರಿಸ್ಬೇನ್‌ಗೆ ವಿಮಾನದಲ್ಲಿ ಒಯ್ದಾಗ ರಕ್ತದ ತುಂಬಾ ಮಲೇರಿಯಾನೇ ಇತ್ತು. ಮಂಗಳವಾರ ಹೋದ.

ಅದಾದ ಮೇಲೆ ಎಲ್ರೂ ಕೇಳಿದ್ರಲ್ಲ, ಮಾತ್ರೆ ತಗೊಂಡಿದ್ರೆ ಹೇಗೆ ಹೀಗಾಯ್ತು ಅಂತ. ಆಗ ನಾನು ಅಂದೆ... ಹಂಚಿಬಿಟ್ಟಿರ್ತಾನೆ, ನಿಮಗೆ ಗೊತ್ತಲ್ಲ ಅವನ ಬುದ್ಧಿ, ಅಂತ. ಅಂದೆ ಅಷ್ಟೇ. ಯಾರೋ ಏನೋ ಕೇಳಿದಾಗ ಬಾಯಿಗೆ ಬಂದಿದ್ದು. ಅದನ್ನೇ ಎಲ್ರೂ ಹಿಡ್ಕೊಂಡ್ರು. ನೀನೂ ಹಿಡ್ಕೊಂಡೆ.

ಹಾಂ, ನೋಡು, ಕೂಗ್ತು. ಹದಿನೈದು ನಿಮಿಷ ಆಯ್ತು. ತುರಿಕೆ ಇಲ್ಲ ತಾನೆ? ಉಸಿರು ಸರಿ ಇದೆ. ಏಳು, ಇನ್ನು ಹೋಗಬಹುದು.

ಎಡಿನಾ. ಹೊರಗೆ ಜನ ಕಾಯ್ತಿದ್ದಾರೆ ಕಣೇ. ಕೆಜಿಯಾ ಶಾಲೆ ಬಿಡೋ ಹೊತ್ತಾಯ್ತು.

ಯಾಕೆ ಏಳ್ತಿಲ್ಲ?

ತಲೆ ಸುತ್ತುತ್ತಾ? ಇಲ್ವಾ. ಮತ್ತೆ?

...ಈ ಊರಲ್ಲಿ ಇನ್ನೂ ಎರಡು ಔಷಧಿ ಅಂಗಡಿ ಇದೆ. ನಿನ್ನ ಮನೆ ಪಕ್ಕದಲ್ಲೇ ಒಂದಿದೆ. ಅಲ್ಲೇ ಸೂಜಿ ಹಾಕಿಸ್ಕೊಬಹುದಿತ್ತು. ಎರಡು ಬಸ್ಸು ಹತ್ತಿ ನನ್ನ ಹತ್ರಾನೇ ಬಂದೆ, ಎರಡೂ ತೋಳು ಬಿಚ್ಚಿ ಕೊಟ್ಟೆ, ಈ ಪಟ್ಟಿನ ತಂದು ನನ್ನ ಕೈಗೇ ಇಟ್ಟೆ. ನೀನು ಮೊದಲೇ ಓದಿದ್ದೀಯ. ಅಲ್ವಾ? ಅದಕ್ಕೇ ಕೊನೇ ಸಾಲಿನ ಮೇಲೆ ಬೆರಳಿಟ್ಟಿದ್ದು.

ಓದ್ತೀನಿ. ಓದ್ತೀನಿ ಇರು... "ರೋದಾ ಅಕ್ಕನಿಗೆ ಹೇಳು, ಹೋದ ಸಲ ಅಣ್ಣನ ಕೈಲಿ ಕಳಿಸಿದ್ದ ಮಾತ್ರೆಯಂಥದೇ ಇನ್ನೊಂದು ಡಬ್ಬಿ ಕಳಿಸಲಿ. ಅದರಿಂದಲೇ ನನ್ನ ಮಕ್ಕಳು ಉಳಿದವು."

ಓದಿದೆ. ಸಾಕಾ?

ತಾಬಿತಾ ಫೋನ್ ಮಾಡಿದ್ಲು ಕಣೇ, ಅವನು ಹೊರಡೋಕೆ ಮೂರು ದಿನ ಇರೋವಾಗ. ಅಲ್ಲಿ ಮದ್ದು ಮುಗಿದಿದೆ, ಕೇರಿ ತುಂಬಾ ಜ್ವರ, ಮಕ್ಕಳು ಮೂರೂ ಇವತ್ತೋ ನಾಳೆಯೋ ಅನ್ನೋ ಹಾಗಿದ್ದಾವೆ ಅಂತ ಅತ್ಲು. ನನ್ನ ಕಪಾಟಲ್ಲಿ ಇದ್ದಿದ್ದು ಒಂದೇ ಡಬ್ಬಿ, ಅವನ ಹೆಸರು ಬರೆದು ಇಟ್ಟಿದ್ದು. ಹೊಸದು ಬರೋದು ಮಂಗಳವಾರ, ಅವನ ವಿಮಾನ ಸೋಮವಾರ. ಒಂದು ದಿನ, ಎಡಿನಾ. ಬೇರೆ ಅಂಗಡಿಗೆ ಫೋನ್ ಮಾಡಿದ್ರೆ ಸಿಕ್ತಿತ್ತು. ಮಾಡ್ಲಿಲ್ಲ. ಬೇಕು ಅಂತಾನೇ ಅನ್ನಿಸ್ಲಿಲ್ಲ ನನಗೆ. ನಮ್ಮ ಹುಡುಗ, ಅಲ್ಲೇ ಹುಟ್ಟಿದವನು ಅಂತ.

ಈ ಕುರ್ಚಿಲಿ ಕೂರಿಸ್ಲಿಲ್ಲ ಅವನನ್ನ. ಸುಳ್ಳು ಹೇಳಿದೆ ನಿನಗೆ. ನೀನೇ ನೋಡಿದ್ದೀಯ, ಚರ್ಚಿನ ಅಂಗಳ, ಪ್ರಾರ್ಥನೆ ಮುಗಿದಿತ್ತು, ಕೆಜಿಯಾನ ಮಡಿಲಲ್ಲಿಟ್ಕೊಂಡು ನೀನು ಕಾರೊಳಗೆ ಕೂತಿದ್ದೆ. ನಾನು ಕಾರಿನ ಬಾನೆಟ್ ಮೇಲೆ ಡಬ್ಬಿ ಇಟ್ಟು, ಇದನ್ನ ತಾಬಿತಾಗೆ ಕೊಡು, ಮಕ್ಕಳಿಗೆ ಎಷ್ಟೆಷ್ಟು ಅಂತ ಒಳಗೆ ಬರೆದಿಟ್ಟಿದ್ದೀನಿ ಅಂದೆ. ಹಡಗಿನ ಮುದುಕಿಗೆ ನಲವತ್ತು ನಿಮಿಷ ಕೊಟ್ಟವಳು, ನನ್ನ ತಮ್ಮನಿಗೆ ಎರಡು ನಿಮಿಷ ಕೊಡ್ಲಿಲ್ಲ. ನಾವಿಬ್ರೂ ನಗ್ತಿದ್ವಲ್ಲ, ನೀನು ಕಿಟಕಿ ಇಳಿಸಿ ಏನು ನಗು ಅಂತ ಕೇಳಿದೆ. ಯಾಕೆ ನಗ್ತಿದ್ವಿ ಗೊತ್ತಾ? ಅವನು ಡಬ್ಬಿ ಕೈಗೆ ತಗೊಂಡು, "ಅಕ್ಕಾ, ಮತ್ತೆ ನನಗೆ? ನನಗೊಬ್ಬಳು ಮಗಳಿದ್ದಾಳೆ ಅಕ್ಕಾ" ಅಂದ. ನಾನು ನಕ್ಕೆ. "ನೀನೇನು ಬಿಳಿಯನೇನೋ, ಹೋಗೋ" ಅಂದೆ. ಅವನೂ ನಕ್ಕ, ಪಾಪ. ಅಕ್ಕ ಓದಿದವಳು, ಅಕ್ಕನಿಗೆ ಗೊತ್ತಿರುತ್ತೆ ಅಂತ.

ಮಗಳು ನೆನಪಿದ್ದಳು ಅವನಿಗೆ. ಕೇಳಿದ ಅವನು. ನೀನು ಪೆಟ್ಟಿಗೆ ಮೇಲೆ ಬಗ್ಗಿ ಆ ಮಾತು ಹೇಳಿದಾಗ ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ. ಆಗ್ಲಾದ್ರೂ ಹೇಳಬೇಕಿತ್ತು.

ಅಳು ಎಡಿನಾ. ಅಳು... ಅವನ ಮೇಲಿನ ಸಿಟ್ಟನ್ನ ನನ್ನ ಮೇಲೆ ಹಾಕು, ಅವನನ್ನ ಅವ್ವನ ಹತ್ರ ಚೆನ್ನಾಗಿ ಕರ್ಕೊಂಡು ಹೋಗು. ಈ ಡಬ್ಬಿ ನನ್ನ ಕೈಯಿಂದ ಬೇಡ ಅಂದ್ರೆ ಬೇಡ, ಪಕ್ಕದ ಅಂಗಡಿಲಿ ತಗೋ, ಆದ್ರೆ ತಗೋ. ಕೆಜಿಯಾಗೆ ತಪ್ಪದೇ ಕೊಡು.

ಏನಾದ್ರೂ ಹೇಳೇ.

ಇಲ್ಲ... ನಿನಗೆ ಇನ್ನೂ ಏನೋ ಬೇಕು. ಹಾಗೆ ನೋಡ್ಬೇಡ. ಹಾಗೇ ನೋಡಿದ್ದೆ ನೀನು ಅವತ್ತೂ, ಆಸ್ಪತ್ರೇಲಿ. ಡಾಕ್ಟರು ಕೇಳಿದ್ರು, ನೀನು ಹೇಳಿದೆ, ಹೇಳಿಬಿಟ್ಟು ನನ್ನ ಕಡೆ ತಿರುಗಿದೆ, ಹೌದು ತಾನೇ ಅತ್ತಿಗೆ ಅನ್ನೋ ಹಾಗೆ. ನನ್ನ ಕೈಲಿ ಒಂದು ನೀರಿನ ಲೋಟ ಇತ್ತು. ಅದನ್ನೇ ನೋಡ್ತಾ ಕೂತಿದ್ದೆ. ಹೇಳಿದ್ರೆ ನನ್ನ ಹೆಸರು, ನನ್ನ ಅಂಗಡಿ, ನಮ್ಮೋರ ಮುಂದೆ ನನ್ನ ಮುಖ... ಅಷ್ಟು ಹೊತ್ತಲ್ಲಿ ಅದೆಲ್ಲ ಯೋಚನೆ ಬಂತು ಕಣೇ ನನಗೆ. ಡಾಕ್ಟರು ಬರ್ಕೊಂಡು ಮುಂದಿನ ಮಂಚಕ್ಕೆ ಹೋದ್ರು. ಶುಕ್ರವಾರ, ಶನಿವಾರ, ಎರಡು ದಿನ ಇತ್ತು. ಎರಡು ದಿನಾನೂ ನಾನು ಬಾಯಿ ಬಿಡ್ಲಿಲ್ಲ.

ಕೂತಿರು. ಏಳಬೇಡ. ಅವತ್ತು ಆಸ್ಪತ್ರೇಲಿ ಹೇಳಬೇಕಿದ್ದನ್ನ ಈಗ ಹೇಳ್ತೀನಿ.

ಇಲ್ಲ, ಡಾಕ್ಟ್ರೇ. ತಗೊಂಡಿಲ್ಲ. ಒಂದು ಮಾತ್ರೆನೂ ತಗೊಂಡಿಲ್ಲ ಅವನು. ನಾನೇ ಬೇಡ ಅಂದಿದ್ದೆ.